ನಿಂತ ಫೋಟೋಗಳನ್ನು ನಡೆಸುವ ನಿಧಾನಕ್ಕ

ಬೆಳಕು ಇನ್ನೂ ಹರಿದಿಲ್ಲ. ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಆಗಲೇ ಕಂಪ್ಯೂಟರ್ ಪರದೆ ಬೆಳಗುತ್ತಿದೆ. ದಿಂಬು ಹಾಕಿದ ಕುರ್ಚಿಯಲ್ಲಿ ಕೂತ ಹೆಂಗಸು, ತೀರಿಹೋದ ತಾಯಿಯೊಬ್ಬರ ಫೋಟೋವನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸುತ್ತಾರೆ, ತಲೆ ಅಲ್ಲಾಡಿಸಿ ಮತ್ತೆ ಎಡಕ್ಕೆ ತರುತ್ತಾರೆ. ಹತ್ತು ಗಂಟೆಗೆ ಆ ತಾಯಿಯ ನೆನಪಿನ ಸಭೆ. ಅಷ್ಟರೊಳಗೆ ಫೋಟೋಗಳೆಲ್ಲ ಸೇರಿ ಒಂದು ವಿಡಿಯೋ ಆಗಬೇಕು.

ಇವರನ್ನು ಎಲ್ಲರೂ ಕರೆಯುವುದು ನಿಧಾನಕ್ಕ ಎಂದು. ಇವರ ಕೈಗೆ ಸಿಕ್ಕ ಫೋಟೋ ಪರದೆಯ ಮೇಲೆ ಕುಣಿಯುವುದಿಲ್ಲ, ಬುಗುರಿಯಂತೆ ತಿರುಗುವುದಿಲ್ಲ. ಮೆಲ್ಲಗೆ ಹತ್ತಿರ ಬರುತ್ತದೆ, ಅಷ್ಟೇ. ಅದಕ್ಕೆ ಬೇಕಾದದ್ದು ಕೀಫ್ರೇಮ್: ಚಿತ್ರ ಹೊರಡುವ ಜಾಗಕ್ಕೊಂದು ಗುರುತು, ತಲುಪುವ ಜಾಗಕ್ಕೊಂದು ಗುರುತು. “ಎಲ್ಲಿಂದ ಹೊರಡ್ಬೇಕು, ಎಲ್ಲಿ ನಿಲ್ಬೇಕು, ಅಷ್ಟು ಹೇಳಿದ್ರೆ ನಡುವಿನ ದಾರಿ ಸಾಫ್ಟ್‌ವೇರೇ ನೋಡ್ಕೊಳ್ಳುತ್ತೆ,” ಎನ್ನುತ್ತಾರೆ. “ಆದ್ರೆ ಎಲ್ಲಿ ನಿಂತ್ರೆ ಚೆನ್ನ ಅಂತ ಅದಕ್ಕೆ ಗೊತ್ತಾಗಲ್ಲ. ಅದು ನನ್ನ ತಲೆನೋವು.”

ಈ ಕೋಣೆಗೆ ಅವರು ಬಂದದ್ದು ಪಾಸ್‌ಪೋರ್ಟ್ ಫೋಟೋ ಕತ್ತರಿಸಲು. ಗಂಡ ಹಾಸಿಗೆ ಹಿಡಿದು ಮನೆಯ ಭಾರ ಹೆಗಲಿಗೆ ಬಿದ್ದಾಗ, ವಿಡಿಯೋ ಜೋಡಿಸುತ್ತಿದ್ದ ಪಕ್ಕದವರನ್ನು ನೋಡಿ ನೋಡಿಯೇ ಈ ಕೆಲಸ ಕಲಿತರು. ಎಡವಿದ್ದೂ ಉಂಟು. ಹೆಡ್‌ಮಾಸ್ಟರೊಬ್ಬರ ಬೀಳ್ಕೊಡುಗೆಯ ವಿಡಿಯೋದಲ್ಲಿ, ಅವಸರಕ್ಕೆ ಒಂದು ಫೋಟೋದ ಗುರುತುಗಳನ್ನೇ ಮುಂದಿನದಕ್ಕೂ ಅಂಟಿಸಿಬಿಟ್ಟರು. ಹೆಡ್‌ಮಾಸ್ಟರ ಮುಖಕ್ಕೆ ಹೋಗಬೇಕಾದ ಚಿತ್ರ ಬಲು ಗಂಭೀರವಾಗಿ ಸಾಗಿ ಮೂಲೆಯ ಕಸದಬುಟ್ಟಿಯ ಮುಂದೆ ನಿಂತಿತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಅವತ್ತಿಂದ ಪ್ರತಿ ಫೋಟೋಗೂ ಬೇರೆನೇ ಗುರುತು. ಮಾಲೀಕರು ಬೇಗ ಬೇಗ ಅಂತಾರೆ. ನಿಧಾನವೇ ಪ್ರಧಾನ ಅಂತ ನಾನು ಗೊಣಗ್ತೀನಿ.”

ಮದುವೆಗಳ ಕಾಲದಲ್ಲಿ ದಿನಕ್ಕೆ ಎರಡು ಮೂರು ವಿಡಿಯೋ. ಮಣಿಕಟ್ಟು ಊದಿಕೊಳ್ಳುತ್ತದೆ, ಕಣ್ಣು ಉರಿಯುತ್ತದೆ. ವಿಡಿಯೋ ನೋಡಿ ಕಣ್ಣೊರೆಸಿಕೊಂಡವರು ಫೋಟೋ ತೆಗೆದವರ ಕೈ ಕುಲುಕಿ ಹೋಗುತ್ತಾರೆ, ಹಿಂದಿನ ಕೋಣೆಯವರೆಗೆ ಯಾರೂ ಬರುವುದಿಲ್ಲ.

ಇವತ್ತಿನ ಕೆಲಸ ಮಾತ್ರ ಕಬ್ಬಿಣದ ಕಡಲೆ. ತೀರಿಕೊಂಡ ತಾಯಿಯ ಹಿರಿಮಗಳು ಫೋಟೋ ಕೊಡುವಾಗಲೇ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಾರೆ: “ನನ್ನ ತಮ್ಮನ ಮುಖ ಎಲ್ಲೂ ಬರಬಾರದು.” ಅಕ್ಕ ತಮ್ಮ ಮಾತು ಬಿಟ್ಟು ವರ್ಷಗಳಾಗಿವೆ, ಸಭೆಗೂ ಅವನನ್ನು ಕರೆದಿಲ್ಲ. ಉಳಿದ ಫೋಟೋಗಳಲ್ಲಿ ತಮ್ಮನನ್ನು ಚೌಕಟ್ಟಿನ ಹೊರಗಿಟ್ಟಾಗಿದೆ. ಒಂದು ಮಾತ್ರ ಬಗ್ಗುತ್ತಿಲ್ಲ. ತಾಯಿ ಬಾಯಿ ತುಂಬ ನಕ್ಕಿರುವ ಫೋಟೋ ಅದೊಂದೇ, ಅವರ ಕೈಯಿರುವುದು ಮಗನ ಹೆಗಲ ಮೇಲೆ. ಮಗನನ್ನು ಕತ್ತರಿಸಿದರೆ ತಾಯಿಯ ಕೈಯೂ ಹೋಗುತ್ತದೆ.

ನಿಧಾನಕ್ಕ ಮೊದಲ ಗುರುತನ್ನು ತಾಯಿಯ ನಗುವಿನ ಮೇಲಿಡುತ್ತಾರೆ, ಕೊನೆಯದನ್ನು ಬೆರಳುಗಳ ಮೇಲೆ. ಬೆಳಗಾಗುವ ಹೊತ್ತಿಗೆ ಹಿರಿಮಗಳು ಬಂದು ಪಕ್ಕದಲ್ಲಿ ಕೂರುತ್ತಾರೆ. ಪರದೆಯ ಮೇಲೆ ಚಿತ್ರ ನಗುವಿನಿಂದ ಹೊರಟು, ತೋಳಿನ ಗುಂಟ ಇಳಿದು, ಹೆಗಲು ಹಿಡಿದ ಕೈಯ ಮೇಲೆ ನಿಲ್ಲುತ್ತದೆ.

“ನೀವು ಹೇಳಿದ ಹಾಗೇ ಮುಖ ಬಂದಿಲ್ಲ ಅಕ್ಕಾ. ಅಮ್ಮನ ಕೈ ಕತ್ತರಿಸೋಕೆ ಮಾತ್ರ ನನಗೆ ಮನಸ್ಸು ಬರ್ಲಿಲ್ಲ.”

ಹಿರಿಮಗಳು ಅದನ್ನು ಇನ್ನೊಮ್ಮೆ ಹಾಕಿಸುತ್ತಾರೆ. ಮತ್ತೊಮ್ಮೆ. “ಅಮ್ಮ ಎಷ್ಟು ಬಿಗಿಯಾಗಿ ಹಿಡ್ಕೊಂಡಿದಾಳೆ ನೋಡಿ,” ಎನ್ನುತ್ತಾರೆ. ಆಮೇಲೆ ಮೆತ್ತಗೆ, “ಇದು ಇನ್ನೂ ಸ್ವಲ್ಪ ಮೇಲಕ್ಕೆ ಹೋಗುತ್ತಾ?”

ನಿಧಾನಕ್ಕ ಕೊನೆಯ ಗುರುತನ್ನು ಹೆಗಲಿನಿಂದ ಮೇಲಕ್ಕೆ, ತಮ್ಮನ ಮುಖದವರೆಗೂ ಒಯ್ಯುತ್ತಾರೆ. ಹಿರಿಮಗಳು ಫೋನ್ ಹಿಡಿದು ಹೊರಗೆ ಹೋಗುತ್ತಾರೆ. “ಹತ್ತು ಗಂಟೆಗೆ... ಹೂಂ, ಬಾ,” ಎನ್ನುವುದಷ್ಟೇ ಒಳಗೆ ಕೇಳುತ್ತದೆ.

ಅವರು ವಾಪಸು ಬಂದಾಗ ವಿಡಿಯೋ ಸಿದ್ಧವಾಗಿದೆ. ಅದನ್ನು ಕೈಗೆ ಕೊಡುತ್ತಾ ನಿಧಾನಕ್ಕ ಒಂದೇ ಒಂದು ಮಾತು ಕೇಳಿಕೊಳ್ಳುತ್ತಾರೆ.

“ಅವರನ್ನ ಮುಂದಿನ ಸಾಲಲ್ಲೇ ಕೂರಿಸಿ ಅಕ್ಕಾ. ಹಿಂದೆ ಕೂತ್ರೆ ಅಮ್ಮನ ಕೈ ಸರಿಯಾಗಿ ಕಾಣ್ಸಲ್ಲ.”