ಮಾವನ ಹೆಗಲಿಗೆ ಹಡಗಿನ ಟವಲ್

ಸದ್ಯ, ಮಾನ ಉಳೀತು ಕಣ್ರಪ್ಪಾ! ನಮ್ಮ ಯಜಮಾನರ ಫ್ಯಾಕ್ಟರಿಯೋರು ಕರ್ಕೊಂಡ್ಬಂದ ಟೂರಲ್ಲಿ ಇವತ್ತು ಮತ್ತೆ ಅದೇ ಹಡಗು ಹತ್ತಿದ್ವಿ. ಹೋದ ವರ್ಷ ಬಾಗಿಲಲ್ಲೇ ಮುಖ ಒರೆಸ್ಕೊಳ್ಳೋಕೆ ತಣ್ಣನೆ ಒದ್ದೆ ಟವಲ್ ಕೊಟ್ಟಿದ್ರು. ನಮ್ಮ ಮಾವ ಅದನ್ನ ಸನ್ಮಾನ ಅಂದ್ಕೊಂಡು, ಹೆಗಲಿಗೆ ಹಾಕ್ಕೊಂಡು, ಕೈಮುಗಿದು, ನಮ್ಮೂರು ಗುಬ್ಬಿಗೇ ತಂದ್ಬುಟ್ಟಿದ್ರು. ಈ ಸಲ ದಾರಿಯುದ್ದಕ್ಕೂ ಪಾಠ ಹೇಳ್ದೆ: "ಮಾವ, ಒರೆಸ್ಕೊಂಡು ವಾಪಸ್ ಕೊಟ್ಬುಡಿ."

ನೋಡಿದ್ರೆ ಈಗ ಟವಲ್ಲೇ ಇಲ್ಲ! ಬಾಗಿಲಲ್ಲಿದ್ದ ಹುಡುಗಿ ಒಂದು ಟಿಶ್ಯೂ ಪೇಪರ್ ಕೊಟ್ಟು, "ಜ್ಯೂಸಿಗೆ ಮೇಲೆ ಕ್ಯೂ ನಿಂತ್ಕೊಳ್ಳಿ" ಅಂದ್ಳು. ನಾನು ಉಸ್ಸಪ್ಪಾ ಅಂದೆ.

ಮಾವ ಬಿಡ್ತಾರಾ? ಬ್ಯಾಗಿಂದ ಹೋದ ವರ್ಷದ ಟವಲ್ ತೆಗೆದು ಅವಳ ಕೈಗಿಟ್ಟು, "ಮರ್ತಂಗಿದೀಯ, ಹೊದ್ಸಮ್ಮ" ಅಂತ ತಲೆ ಬಗ್ಗಿಸಿದ್ರು. ಅದ್ರಲ್ಲಿ ಹಡಗಿನ ಹೆಸರು ಬೇರೆ! ಸಿಕ್ಕಿಬಿದ್ವಿ ಅಂದ್ಕೊಂಡೆ. ಅವಳು ಹೆಸರು ನೋಡಿದ್ಳು, ನಕ್ಕಳು, ಹೊದಿಸೇಬಿಟ್ಳು.

ಈಗ ಹಿಂದಿದ್ದೋರೆಲ್ಲ ಅವಳ ಮೇಲೆ ಜಗಳಕ್ಕೆ ನಿಂತವ್ರೆ: "ನಮಗ್ಯಾಕಿಲ್ಲ ಟವಲ್ಲು?"