ಬಲಗಾಲಿನ ದುಡಿಮೆ

ಹೊಲಿಗೆ ಆಪಾ ಅವರ ಎಡಗಾಲು ಜೋಳದ ದಂಟಿನಷ್ಟು ಸಣ್ಣ. ಬಲಗಾಲಿನ ಮೀನಖಂಡ ಮಾತ್ರ ಪೈಲ್ವಾನರದ್ದು. ಹೊಳಲ್ಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು, ನನಗೆ ಹೊಲಿಗೆ ಕಲಿಸಿದವರು; ಊರಿಗೆಲ್ಲ ಆಪಾ, ಅಂದರೆ ಅಕ್ಕ. ಕೂಸಾಗಿದ್ದಾಗ ಪೋಲಿಯೊ ಬಂದು ಎರಡೂ ಕಾಲು ಬಿದ್ದುಹೋಗಿದ್ದವಂತೆ. ಆಮೇಲೆ ಬಲಗಾಲು ಎದ್ದಿತು, ಎಡಗಾಲು ಏಳಲೇ ಇಲ್ಲ. ಎದ್ದ ಕಾಲಿನಿಂದಲೇ ಮಿಷನ್ ತುಳಿದು ಊರಿನ ಅರ್ಧ ಹೆಂಗಸರ ರವಿಕೆ ಹೊಲಿದರು. ಅಳತೆಗೆಂದು ಹಳೆಯ ರವಿಕೆ ತಂದವರನ್ನು ಒಮ್ಮೆ ನೋಡಿ, "ಇದನ್ನ ಹೊಲಿಸ್ದಾಗ ಸೊರಗಿದ್ರಿ, ಈಗ ಚೆಂದ ಆಗಿದೀರಿ" ಎಂದು ಟೇಪು ಹಿಡಿಯುತ್ತಿದ್ದರು. ದಪ್ಪಗಾದವರಿಗೂ ಸಿಟ್ಟು ಬರುತ್ತಿರಲಿಲ್ಲ.

ವಯಸ್ಸು ಐವತ್ತು ದಾಟಿದ ಮೇಲೆ ಆ ಗಟ್ಟಿ ಕಾಲೂ ಸೋಲತೊಡಗಿತು. ಮಧ್ಯಾಹ್ನದ ಹೊತ್ತಿಗೆ ತೊಡೆ ಅದುರುವುದು, ಪೆಡಲ್ ಮೇಲಿನ ಪಾದ ಜಾರುವುದು. ನಮ್ಮ ಕಡೆ ಇದಕ್ಕೆಲ್ಲ ಇರುವ ಔಷಧಿ ಒಂದೇ: ಎಣ್ಣೆ ತಿಕ್ಕು, ಇನ್ನಷ್ಟು ದುಡಿಸು. "ಕಾಲು ಕಳ್ಳಬಿದ್ದೈತೆ. ಕಳ್ಳ ಎತ್ತನ್ನ ಸುಮ್ನೆ ಬಿಡ್ತಾರಾ?" ಎಂದು ಆಪಾ ರಂಜಾನ್ ಹೊತ್ತಿಗೆ ಎಂದಿಗಿಂತ ಹೆಚ್ಚು ಬಟ್ಟೆ ಒಪ್ಪಿಕೊಂಡರು. ಹಬ್ಬ ಮುಗಿಯುವಷ್ಟರಲ್ಲಿ ಹೊಸ್ತಿಲು ದಾಟಲೂ ಗೋಡೆ ಹಿಡಿಯಬೇಕಾಯಿತು. ಇರುವುದೊಂದೇ ಕಾಲು, ಅದೂ ಹೋದರೆ ತೆವಳಬೇಕಲ್ಲ ಎಂಬ ಭಯವನ್ನು ಅವರ ಮುಖದಲ್ಲಿ ಆಗ ಮೊದಲ ಸಲ ಕಂಡೆ.

ಚಿತ್ರದುರ್ಗದ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಅವರು ಕಾಲಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಹೇಳಿದರು: "ಅಮ್ಮಾ, ಈ ಕಾಲಲ್ಲೂ ಪೋಲಿಯೊ ಬಂದಾಗ್ಲೇ ಎಷ್ಟೋ ನರ ಸತ್ತಿದ್ವು. ಉಳಿದ ನರಗಳು ಚಿಗುರೊಡೆದು, ದಿಕ್ಕಿಲ್ದಿರೋ ಮಾಂಸಖಂಡನೆಲ್ಲ ತಾವೇ ವಹಿಸ್ಕಂಡ್ವು. ಇಷ್ಟು ವರ್ಷ ಒಬ್ಬೊಬ್ರೂ ನಾಲ್ಕು ಜನದ ಕೆಲಸ ಮಾಡಿದಂಗೆ. ಈಗ ಅವು ದಣಿದವೆ. ದುಡಿಸಿದಷ್ಟೂ ಬೇಗ ಸೋಲ್ತವೆ. ಮಿಷನ್‌ಗೆ ಮೋಟರ್ ಹಾಕಿಸ್ರಿ. ಸುಸ್ತಾಗೋಕ್ ಮುಂಚೇನೇ ಕುಂತ್ಕಳ್ರಿ."

ಬಸ್ಸಿನಲ್ಲಿ ಆಪಾ ಬಲಗಾಲು ಚಾಚಿ ಕೂತರು. ಅಂಗೈ ತೊಡೆಯ ಮೇಲಿತ್ತು.

"ಇಷ್ಟು ದಿನ ಇದನ್ನ ಬೈದೆ ಕಣವ್ವ," ಎಂದರು. "ಕಳ್ಳ ಅಂದೆ. ಪಾಪ, ಬಾಯಿಬಿಡದೆ ದುಡೀತಿತ್ತು."

ನನಗೆ ಅಳು ಬಂತು.

ಮೋಟರ್ ಬಂತು. ಅದರ ಸದ್ದು ಅವರಿಗೆ ಕೊನೆಯವರೆಗೂ ಸೇರಲಿಲ್ಲ. ಆದರೆ ಸುಸ್ತನ್ನು ಮುಚ್ಚಿಡುವುದನ್ನು ಬಿಟ್ಟರು. ಮದುವೆ ಮನೆಯವರು ಬಾಗಿಲಲ್ಲಿ ನಿಂತು ಅವಸರ ಮಾಡಿದರೂ, "ಕಾಲು ದಣಿದೈತ್ರಿ, ನಾಳೆ ಬರ್ರಿ" ಎಂದು ಗೋಡೆಗೆ ಒರಗಿಬಿಡುತ್ತಿದ್ದರು. ಕೋಲು ಹಿಡಿದಾದರೂ ನಡೆದೇ ಓಡಾಡಿದರು, ತೆವಳಲಿಲ್ಲ. ಹೋದ ಚಳಿಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು.

ಅವರು ಕಲಿಸಿದ ಹೊಲಿಗೆಯಿಂದ ನನ್ನ ಸಂಸಾರ ನಡೆದಿದೆ. ಆ ಋಣ ದೊಡ್ಡದೇ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಮ್ಮ ಮನೆಯಲ್ಲಿ ಹೆಂಗಸರು ಹಗಲು ಮಲಗಬೇಕಾದರೆ ಜ್ವರವೇ ಬರಬೇಕು. ಮೊನ್ನೆ ಮಧ್ಯಾಹ್ನ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದೆ. ಅತ್ತೆ ಬಂದು ನನ್ನ ಹಣೆ ಮುಟ್ಟಿ ನೋಡಿದರು.

"ಏನಾಗೈತೆ ನಿಂಗೆ?"

"ಏನೂ ಆಗಿಲ್ಲ ಅತ್ತೆ. ದಣಿದೀನಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ "ಅತ್ಲಾಗೆ ಸರಿ" ಎಂದು ತಾವೂ ಪಕ್ಕದಲ್ಲಿ ಮಲಗಿದರು.