ಓನರ್ ಅಂಕಲ್ ಕಟ್ಟಿದ ಹಿಂದಿನ ಚಕ್ರ

ಕಳೆದ ವಾರ ಜೆ.ಪಿ. ನಗರದ ಟೈರ್ ಅಂಗಡಿಯೊಂದರ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಒಳಗೆ ಯಾರೋ ಹೊಸ ಟೈರಿನ ಅಂಚಿಗೆ ಸೋಪಿನ ನೀರು ಹಚ್ಚಿ ರಿಮ್ಮಿಗೆ ಕೂರಿಸುತ್ತಿದ್ದರು. ಹೊಸ ರಬ್ಬರು, ಸೋಪು ಎರಡೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬನಶಂಕರಿಯ ಆ ಮನೆಯ ಪೋರ್ಟಿಕೋ ಕಣ್ಣ ಮುಂದೆ ಬಂತು. ಅಲ್ಲಿ ಮಣೆ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಕೂತಿರುತ್ತಿದ್ದ ನಮ್ಮ ಓನರ್ ಅಂಕಲ್ ಕೂಡ...

ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕ ಹೊಸದರಲ್ಲಿ ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಅಂಕಲ್, ಆಂಟಿ. ಅಂಕಲ್ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಜೀವಮಾನವಿಡೀ ಗೆರೆ ಎಳೆದವರು. ಹಾಗಾಗಿ ಜಗತ್ತೆಲ್ಲ ನೆಟ್ಟಗಿರಬೇಕು ಎಂಬ ಹಟ. ಮೆಟ್ಟಿಲ ಬಳಿ ನನ್ನ ಚಪ್ಪಲಿ ಸೊಟ್ಟಗಿದ್ದರೆ ಗೊಣಗುತ್ತಾ ತಾವೇ ಬಗ್ಗಿ ಸರಿಮಾಡುತ್ತಿದ್ದರು. ಅಂಥವರು ರಿಟೈರ್ ಆದ ಮೇಲೆ ಎಲ್ಲ ಬಿಟ್ಟು ದೊಡ್ಡದೊಂದು ಅಡ್ವೆಂಚರ್ ಬೈಕ್ ತಂದು ನಿಲ್ಲಿಸಿದರು. ಹೆದ್ದಾರಿಗೂ ಸೈ, ಕಚ್ಚಾ ರಸ್ತೆಗೂ ಸೈ ಎನ್ನುವ ಎತ್ತರದ ಗಾಡಿ. ಆಂಟಿ ಅದಕ್ಕೆ 'ಎಮ್ಮೆ' ಎಂದು ಹೆಸರಿಟ್ಟರು. ಹೆಸರಿಟ್ಟು ನಕ್ಕರೂ ಹೆಲ್ಮೆಟ್ ಹಾಕಿಕೊಂಡು ಹಿಂದೆ ಹತ್ತಿ ಕೂರುತ್ತಿದ್ದರು. ಅವರಿಬ್ಬರೂ ನೋಡದ ಕೋಟೆಯಿಲ್ಲ, ಕೆರೆಯಿಲ್ಲ.

ಹೀಗೇ ಒಮ್ಮೆ ಗದಗದ ಕಡೆ ಹೋದಾಗ ಮಳೆಗೆ ನೆನೆದ ಎರೆಮಣ್ಣಿನ ದಾರಿಯಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಜಾರಿ ಇಬ್ಬರೂ ಬಿದ್ದರು. ಅಂಕಲ್‌ಗೆ ಒಂದು ತರಚುಗಾಯವೂ ಆಗಲಿಲ್ಲ. ಆಂಟಿಯ ಭುಜದ ಮೂಳೆ ಬಿರುಕು ಬಿಟ್ಟಿತು. ಕೆಲವು ತಿಂಗಳಲ್ಲಿ ಮೂಳೆಯೇನೋ ಕೂಡಿಕೊಂಡಿತು, ಧೈರ್ಯ ಮಾತ್ರ ಕೂಡಲಿಲ್ಲ. "ಇನ್ನು ಈ ಎಮ್ಮೆ ಹತ್ತಲ್ಲ ರೀ. ನೀವು ಬೇಕಾದ್ರೆ ಹೋಗ್ಬನ್ನಿ," ಎಂದುಬಿಟ್ಟರು. ಒಬ್ಬರೇ ಹೋಗುವ ಜಾಯಮಾನ ಅಂಕಲ್ ಅವರದಲ್ಲ. ಬೆಳಿಗ್ಗೆ ಗಾಡಿ ಒರೆಸುವುದು, ಸ್ಟಾರ್ಟ್ ಮಾಡುವುದು, ಆಫ್ ಮಾಡಿ ಒಳಗೆ ಹೋಗುವುದು.

ಆಂಟಿ ಮತ್ತೆ ಹಿಂದೆ ಕೂರಬೇಕು. ಅದೊಂದೇ ಅಂಕಲ್ ತಲೆಯಲ್ಲಿ ಕೊರೆಯುತ್ತಿದ್ದದ್ದು. ಯೋಚಿಸಿ ಯೋಚಿಸಿ, ತಪ್ಪೆಲ್ಲ ಹಿಂದಿನ ದಪ್ಪ ಚಕ್ರದ್ದೇ ಎಂದು ತೀರ್ಮಾನಿಸಿದರು.

"ಕೆಸರಲ್ಲಿ ಚಪ್ಪಲಿ ಹಾಕ್ಕೊಂಡು ನಡೆದ್ರೆ ಜಾರಲ್ವೇನಮ್ಮ? ಬರಿಗಾಲಾದ್ರೆ ಬೆರಳು ಊರ್ಕೊಳತ್ತೆ. ಅಗಲ ಟೈರು ಕೆಸರಿನ ಮೇಲೆ ತೇಲತ್ತೆ, ಸಣ್ಣದು ಕುಯ್ಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯತ್ತೆ," ಎಂದು ನನಗೆ ವಿವರಿಸಿದರು. ಕೇಳಿದ ಗ್ಯಾರೇಜಿನವರೆಲ್ಲ ಆಗಲ್ಲ ಎಂದು ತಲೆಯಾಡಿಸಿದರು. "ಬೇಡಿ ಸಾರ್, ಹಿಂದೆ ದಪ್ಪ ಇದ್ರೇನೇ ಗಾಡಿಗೆ ಲುಕ್ಕು," ಎಂದನಂತೆ ಒಬ್ಬ. "ನನ್ನ ಹೆಂಡ್ತಿ ಕೂರೋದು ಲುಕ್ ಮೇಲಲ್ಲ, ಸೀಟ್ ಮೇಲೆ," ಎಂದು ಬೈದು ಬಂದ ಅಂಕಲ್, ಚಕ್ರವನ್ನು ತಾವೇ ಕಟ್ಟಲು ಕೂತರು.

ಅಗಲ ಕಮ್ಮಿಯ ರಿಮ್ಮು ಬಂತು, ಅದರ ಅಳತೆಗೆ ತಕ್ಕ ಸ್ಪೋಕ್ ಕಡ್ಡಿಗಳು ಬಂದವು. ಹಳೆಯ ಚಕ್ರ ಬಿಚ್ಚಿ, ನಡುವಿನ ಹಬ್ ಉಳಿಸಿಕೊಂಡು, ಒಂದೊಂದೇ ಕಡ್ಡಿ ಹೆಣೆದರು. ಗಾಡಿಗೇ ಒಂದು ಪೆನ್ಸಿಲ್ ಕಟ್ಟಿ, ತಿರುಗುವ ರಿಮ್ಮಿಗೆ ಅದು ಎಲ್ಲಿ ತಾಗುತ್ತದೋ ಅಲ್ಲಿನ ಕಡ್ಡಿ ಬಿಗಿ ಮಾಡಿ ಬೆಂಡ್ ತೆಗೆಯುವುದು. ಚಕ್ರ ತಿರುಗಿಸುವ ಕೆಲಸ ಎಷ್ಟೋ ಸಂಜೆ ನನ್ನದು. ಕಾಲೇಜಿನ ಪೇಪರುಗಳನ್ನು ಪಕ್ಕಕ್ಕೆ ತಳ್ಳಿ ಕೂರುತ್ತಿದ್ದೆ. ಒಬ್ಬ ಮನುಷ್ಯ ಇನ್ನೊಬ್ಬರ ಭಯವನ್ನು ಇಷ್ಟೊಂದು ಗಂಭೀರವಾಗಿ ತೆಗೆದುಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಂಟಿ ಮಾತ್ರ ಕಾಫಿ ಲೋಟ ಇಟ್ಟು, ಆ ಕಡೆ ನೋಡದೆ ಒಳಗೆ ಹೋಗುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ಚಕ್ರ ಸಿದ್ಧವಾಯಿತು. ನಮ್ಮ ಬೀದಿಯಲ್ಲಿ ಆಗ ಪೈಪಿಗೆಂದು ಅಗೆದು ಮಣ್ಣು ಮುಚ್ಚಿದ್ದರು. ಗೇಟಿನ ಮುಂದಿನ ಆ ಮಣ್ಣಿಗೇ ನೀರು ಚಿಮುಕಿಸಿ ಆಂಟಿ ರಂಗೋಲಿ ಹಾಕಲು ಬಗ್ಗಿದ್ದರು. ಅಂಕಲ್‌ಗೆ ಅಷ್ಟು ತಾಳ್ಮೆಯೆಲ್ಲಿ? ಗಾಡಿಯನ್ನು ನೇರ ಅದರ ಮೇಲೇ ಓಡಿಸಿ ಮೂಲೆಯವರೆಗೆ ಹೋಗಿ ಬಂದರು. ಈಗ ಮಂಗಳಾರತಿ ಗ್ಯಾರಂಟಿ ಎಂದು ನಾನು ಮಹಡಿಯಿಂದ ಕಾಯುತ್ತಿದ್ದರೆ, ಆಂಟಿ ಬೈಯಲಿಲ್ಲ. ಒದ್ದೆ ಮಣ್ಣನ್ನೇ ನೋಡುತ್ತಾ ನಿಂತಿದ್ದರು.

"ರೀ, ಇಲ್ಲಿ ಬನ್ನಿ. ನೆಟ್ಟಗೇ ಹೋದ್ರಲ್ಲ, ಮುಂದಿನ ಚಕ್ರದ ಗುರುತು ಎಡಗಡೆ ಯಾಕೆ ಹಿಂದಿನದರ ಆಚೆ ಇಣುಕ್ತಿದೆ? ಬಲಗಡೆ ಇಲ್ಲ."

"ನಿಂಗೇನ್ ಗೊತ್ತಾಗತ್ತೆ?" ಎನ್ನುತ್ತಲೇ ಅಂಕಲ್ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. 'ಮಧ್ಯ ಅಂದ್ರೆ ಮಧ್ಯ' ಎಂದು ಗೆರೆ ಎಳೆದವರ ಹಟದಲ್ಲಿ ರಿಮ್ಮನ್ನು ಹಬ್‌ನ ನಟ್ಟನಡುವೆ ಕೂರಿಸಿದ್ದರು. ಚೈನಿಗೆ ಜಾಗ ಬೇಕಾದ್ದರಿಂದ ಆ ಗಾಡಿಯಲ್ಲಿ ಹಬ್ ತಾನೇ ಒಂದು ಪಕ್ಕಕ್ಕಿತ್ತು. ಹಬ್‌ನ ಮಧ್ಯ ಬೇರೆ, ಗಾಡಿಯ ಮಧ್ಯ ಬೇರೆ, ಹಾಗಾಗಿ ಹಿಂದಿನ ಚಕ್ರ ಬಲಕ್ಕೆ ಸರಿದಿತ್ತು. ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಪ್ಯಾಂಟಿನ ಮಣ್ಣು ಕೊಡವಿ, "ಸರಿ, ಕಾಫಿ ಕೊಡು," ಎಂದು ಚಕ್ರ ಕಳಚಿ, ಎಲ್ಲ ಕಡ್ಡಿಗಳನ್ನೂ ಸಡಿಲಿಸಿ ಮೊದಲಿನಿಂದ ಶುರು ಮಾಡಿದರು. ಆ ದಿನ ಆಂಟಿ ಲೋಟ ಇಟ್ಟು ಒಳಗೆ ಹೋಗಲಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕೂತರು.

ಮಳೆ ಬಿದ್ದ ಮಾರನೆಯ ಭಾನುವಾರ ಇಬ್ಬರೂ ಹೊರಟರು. ಗೊಟ್ಟಿಗೆರೆ ದಾಟಿ ಆಚೆಯ ಮಣ್ಣಿನ ದಾರಿಗೆ. ಹತ್ತುವಾಗ ಆಂಟಿಯ ಮುಖ ಬಿಳುಚಿಕೊಂಡಿತ್ತು. ಮಧ್ಯಾಹ್ನ ವಾಪಸು ಬಂದ ಅಂಕಲ್ ಬೂಟು ಕೂಡ ಬಿಚ್ಚದೆ ನನ್ನ ಬಾಗಿಲಿಗೆ ಓಡಿ ಬಂದರು. ಕಣ್ಣು ತುಂಬಿತ್ತು.

"ನಿದ್ದೆ ಹೊಡೆದ್ಲು ಕಣಮ್ಮ! ಅಷ್ಟು ಕೆಸರಲ್ಲಿ, ನನ್ನ ಬೆನ್ನಿಗೆ ತಲೆ ಇಟ್ಟು ನಿದ್ದೆ ಹೊಡೆದ್ಲು!"

ಆಮೇಲೆ ಅವರು ಊರೂರು ತಿರುಗಿದರು. ನಾನು ಮದುವೆಯಾಗಿ ಆ ಮನೆ ಬಿಟ್ಟೆ. ಕೆಲವು ವರ್ಷಗಳ ಹಿಂದೆ ಅಂಕಲ್ ಹೃದಯಾಘಾತದಿಂದ ಹೋಗಿಬಿಟ್ಟರು ಎಂಬ ಸುದ್ದಿ ತಡವಾಗಿ ಬಂತು...

ಟೈರ್ ಅಂಗಡಿಯಿಂದ ಮನೆಗೆ ಹೋಗಲು ಮನಸ್ಸಾಗಲಿಲ್ಲ. ನೇರ ಬನಶಂಕರಿಗೆ ಹೋದೆ. ಆಂಟಿಯ ಜೊತೆ ಈಗ ಅವರ ತಂಗಿ ಇದ್ದಾರೆ. ಕಾಫಿ ಕುಡಿಯುತ್ತಾ ನಾನು ಆ ಭಾನುವಾರದ ಮಾತೆತ್ತಿದೆ. ಅಂಕಲ್ ಕಟ್ಟಿದ ಚಕ್ರದ ಮೇಲೆ ನೀವು ನಿದ್ದೆ ಮಾಡಿದ್ದು ಇವತ್ತಿಗೂ ನನಗೆ ಸೋಜಿಗ ಎಂದೆ. ಆಂಟಿ ನಕ್ಕರು.

"ಅವತ್ತು ನಿದ್ದೆ ಎಲ್ಲಿ ಬಂತೇ? ಭಯಕ್ಕೆ ಕಣ್ಣು ಮುಚ್ಕೊಂಡು ಅವರಿಗೆ ಒರಗಿದ್ದೆ ಅಷ್ಟೇ. ಹೆದರಿಕೆ ಆಗ್ತಿದೆ ಅಂದಿದ್ರೆ ಪಾಪ, ಮತ್ತೆ ಬಿಚ್ಚಿ ಕೂತ್ಕೋತಿದ್ರು."

ಇಷ್ಟು ವರ್ಷ ಅಂಕಲ್ ಒಬ್ಬರನ್ನೇ ನೆನೆದು ಬೆರಗಾಗಿದ್ದೆನಲ್ಲ ಅನ್ನಿಸಿತು. ಹಾಗಾದರೆ ಆಮೇಲೆ ಹೋದ ಊರುಗಳಿಗೆಲ್ಲ ಹಾಗೇ ಕಣ್ಣು ಮುಚ್ಚಿಕೊಂಡೇ ಹೋದಿರಾ ಎಂದು ಕೇಳಿದೆ.

"ಇಲ್ಲ ಕಣೇ, ಆಮೇಲಾಮೇಲೆ ನಿಜವಾಗ್ಲೂ ನಿದ್ದೆ ಬರ್ತಿತ್ತು. ತುಮಕೂರು ದಾಟೋದ್ರೊಳಗೆ ಬಂದುಬಿಡ್ತಿತ್ತು," ಎಂದರು ಆಂಟಿ. ಲೋಟ ಕೆಳಗಿಟ್ಟರು. "ಈಗ ಹಾಸಿಗೆ ಮೇಲೆ ಮಲಗಿದ್ರೂ ಬರಲ್ಲ."